ಹಿಮಗಾಲದ ಓಟ: ಮಾರ್ಚಿನ ಮೂವತ್ತು ಕಿಲೋಮೀಟರಿಗೆ ಡಿಸೆಂಬರಿನಿಂದಲೇ ಸಿದ್ಧತೆ

ಕೆನಡಾದ ದಕ್ಷಿಣ ಒಂಟಾರಿಯೊದಲ್ಲಿ, ಅಂದರೆ ಟೊರೊಂಟೊ, ಮಿಸಿಸಾಗ, ಬ್ರ್ಯಾಂಪ್ಟನ್, ಹ್ಯಾಮಿಲ್ಟನ್ ಸುತ್ತಮುತ್ತ ನೆಲೆಸಿರುವ ನಮ್ಮವರಲ್ಲಿ ಓಟದ ಹವ್ಯಾಸ ಹಿಡಿಸಿಕೊಂಡವರು ಈಗ ಸಾಕಷ್ಟಿದ್ದಾರೆ. ಆದರೆ ಹೆಚ್ಚಿನವರ ಓಟ ಮೇ ತಿಂಗಳಲ್ಲಿ ಆರಂಭವಾಗಿ, ನವೆಂಬರಿನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವ ದಿನಕ್ಕೆ ಮುಗಿದುಬಿಡುತ್ತದೆ. ಮುಂದಿನ ಐದಾರು ತಿಂಗಳು ಓಟದ ಶೂ ಬಾಗಿಲ ಬಳಿಯ ಗೂಡಿನಲ್ಲಿ ಬಿದ್ದಿರುತ್ತದೆ, ಬೇಸಿಗೆ ಬಂದಾಗ ಕಳೆದ ವರ್ಷ ಆರಂಭಿಸಿದ ಜಾಗದಿಂದಲೇ ಮತ್ತೆ ಆರಂಭಿಸಬೇಕಾಗುತ್ತದೆ. ನಾನೂ ಹೀಗೆ ಮೂರು ವರ್ಷ ಕಳೆದವನು. ನಾಲ್ಕನೆಯ ವರ್ಷ ಹುರುಪಿನಿಂದ ದಪ್ಪನೆಯ, ದುಬಾರಿ ಜಾಕೆಟ್ ಒಂದನ್ನು ಕೊಂಡು ಜನವರಿಯ ಬೆಳಗ್ಗೆ ಹೊರಬಿದ್ದೆ. ಮೂರನೆಯ ಕಿಲೋಮೀಟರಿಗೆ ಅದನ್ನು ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡಿದ್ದೆ, ಐದನೆಯದಕ್ಕೆ ಬೆವರಿನಲ್ಲಿ ನೆಂದ ಮೈ ನಡುಗುತ್ತಿತ್ತು, ಏಳನೆಯದಕ್ಕೆ ಬಸ್ ಹಿಡಿದು ಮನೆಗೆ ಬಂದಿದ್ದೆ. ಉಡುಪನ್ನು ಮೊದಲು ಕೊಂಡು ಗುರಿಯನ್ನು ಆಮೇಲೆ ಯೋಚಿಸಿದ್ದೇ ಅಂದಿನ ತಪ್ಪು. ಈ ಲೇಖನದಲ್ಲಿ ಆ ಕ್ರಮವನ್ನು ಸರಿಪಡಿಸಿ, ಮೊದಲು ಗುರಿ, ಅನಂತರ ವಾರಗಳ ಲೆಕ್ಕ, ಆಮೇಲೆ ಹವಾಮಾನ, ಕಡೆಯಲ್ಲಿ ಉಡುಪು ಎಂಬಂತೆ ಬರೆದಿದ್ದೇನೆ.

ವಾರಕ್ಕೆ ಮೂರು ದಿನ, ಸಲಕ್ಕೆ 6ರಿಂದ 8 ಕಿ.ಮೀ. ನಿಲ್ಲದೆ ಓಡಬಲ್ಲವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ. ಹೃದಯದ ತೊಂದರೆ ಇರುವವರು, ಆಸ್ತಮಾ ಇರುವವರು ವೈದ್ಯರನ್ನು ಕೇಳದೆ ತೊಡಗಬಾರದು. ತಣ್ಣನೆಯ ಒಣಗಾಳಿ ಶ್ವಾಸನಾಳವನ್ನು ಬಿಗಿಗೊಳಿಸುತ್ತದೆ, ಬೇಸಿಗೆಯಲ್ಲಿ ಕಾಣಿಸದ ಉಬ್ಬಸ ಚಳಿಯಲ್ಲಿ ಕಾಣಿಸಿಕೊಳ್ಳುವುದುಂಟು.

ಹಂತ 1: ದಿನಾಂಕವಿರುವ ಗುರಿಯನ್ನು ಆರಿಸಿಕೊಳ್ಳಿ

"ಈ ಸಲ ಚಳಿಗಾಲದಲ್ಲೂ ಓಡುತ್ತೇನೆ" ಎಂಬುದು ಸಂಕಲ್ಪವಾಯಿತೇ ಹೊರತು ಗುರಿಯಾಗಲಿಲ್ಲ. ಹೊರಗೆ ಮೈನಸ್ 12 ಡಿಗ್ರಿ ಇರುವ ಕತ್ತಲಿನಲ್ಲಿ ಹೊದಿಕೆ ಸರಿಸಿ ಎಬ್ಬಿಸುವ ಶಕ್ತಿ ಅಂಥ ಸಂಕಲ್ಪಕ್ಕಿಲ್ಲ. ಹಣ ಕಟ್ಟಿ ಹೆಸರು ನೋಂದಾಯಿಸಿದ ಓಟವೊಂದಿದ್ದರೆ ಅದಕ್ಕೆ ಬೇರೆಯದೇ ಬಲವಿರುತ್ತದೆ. ನನ್ನ ಶಿಫಾರಸು ಹ್ಯಾಮಿಲ್ಟನ್ ನಗರದಲ್ಲಿ ಮಾರ್ಚ್ ಕೊನೆಯ ಹೊತ್ತಿಗೆ ನಡೆಯುವ "ಅರೌಂಡ್ ದ ಬೇ" ಓಟ. ಹ್ಯಾಮಿಲ್ಟನ್ನಿನ ಕೊಲ್ಲಿಯನ್ನು ಸುತ್ತಿ ಬರುವ ಈ 30 ಕಿ.ಮೀ. ಓಟ 1894ರ ಕ್ರಿಸ್‌ಮಸ್ ದಿನ ಮೊದಲ ಬಾರಿ ನಡೆಯಿತು. ಬಾಸ್ಟನ್ ಮ್ಯಾರಥಾನಿಗಿಂತ ಇದು ಮೂರು ವರ್ಷ ಹಿರಿಯದು. ಇಲ್ಲಿ ಗೆದ್ದ ಬಿಲ್ಲಿ ಶೆರಿಂಗ್ 1906ರಲ್ಲಿ ಅಥೆನ್ಸಿನ ಮ್ಯಾರಥಾನ್ ಗೆದ್ದನು. ಅದೇ ವರ್ಷ ಹ್ಯಾಮಿಲ್ಟನ್ನಿನಲ್ಲಿ ಮೊದಲಿಗನಾಗಿ ಬಂದ ಒನೊಂಡಾಗ ಬುಡಕಟ್ಟಿನ ಟಾಮ್ ಲಾಂಗ್‌ಬೋಟ್ 1907ರಲ್ಲಿ ಬಾಸ್ಟನ್ ಮ್ಯಾರಥಾನನ್ನೇ ಗೆದ್ದನು.

ಇತಿಹಾಸ ಹಾಗಿರಲಿ, ಈ ಓಟವನ್ನು ಸೂಚಿಸಲು ನನಗಿರುವ ಕಾರಣ ವ್ಯಾವಹಾರಿಕವಾದದ್ದು. ಮಾರ್ಚ್ ಕೊನೆಗೆ ಓಟವಿದ್ದರೆ ಅಭ್ಯಾಸವೆಲ್ಲ ಡಿಸೆಂಬರ್, ಜನವರಿ, ಫೆಬ್ರವರಿಯಲ್ಲೇ ಆಗಬೇಕು. ಚಳಿ ಕಳೆಯಲಿ ಎಂದು ಕಾಯಲು ಅವಕಾಶವೇ ಇರುವುದಿಲ್ಲ. ಮ್ಯಾರಥಾನಿನಷ್ಟು ದೇಹವನ್ನು ಹಿಂಡದೆ, ಹಾಫ್ ಮ್ಯಾರಥಾನಿನ 21.1 ಕಿ.ಮೀ.ಗಿಂತ ಒಂದು ಮೆಟ್ಟಿಲು ಮೇಲಿರುವ ದೂರವೂ ಇದು. ಇಷ್ಟು ಹೆಚ್ಚೆನಿಸಿದರೆ ಮೇ ತಿಂಗಳ ಟೊರೊಂಟೊ ಮ್ಯಾರಥಾನಿನ ದಿನ ನಡೆಯುವ ಹಾಫ್ ಮ್ಯಾರಥಾನನ್ನು ಆರಿಸಿಕೊಳ್ಳಬಹುದು. ಆಗ ಕೆಳಗಿನ ವಾರಗಳ ಲೆಕ್ಕವನ್ನು ಐದು ವಾರ ಮುಂದೂಡಿ, ದೂರವನ್ನು ಮೂರನೆಯ ಒಂದು ಭಾಗದಷ್ಟು ಇಳಿಸಿಕೊಂಡರೆ ಸಾಕು.

ಓಟವನ್ನು ಆರಿಸಿದ ಮೇಲೆ ಗುರಿಯನ್ನು ಮೂರು ಸಾಲಿನಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಬೇಕು. ಮೊದಲ ಸಾಲು ರೂಢಿಯದು: "ವಾರಕ್ಕೆ ನಾಲ್ಕು ದಿನ ಓಡುತ್ತೇನೆ, ಹದಿನೈದು ವಾರಗಳಲ್ಲಿ ಹೆಚ್ಚೆಂದರೆ ಎಂಟು ದಿನ ತಪ್ಪಬಹುದು." ತಪ್ಪುವ ದಿನಗಳನ್ನು ಮೊದಲೇ ಲೆಕ್ಕಕ್ಕೆ ಹಿಡಿಯುವುದು ಮುಖ್ಯ, ಏಕೆಂದರೆ ಹಿಮಪಾತ, ಮಕ್ಕಳ ಜ್ವರ, ಕಚೇರಿಯ ಗಡುವು ಇವೆಲ್ಲ ಬಂದೇ ಬರುತ್ತವೆ, ಒಂದು ದಿನ ತಪ್ಪಿದ ಕೂಡಲೇ ಎಲ್ಲವನ್ನೂ ಕೈಬಿಡುವ ಸ್ವಭಾವಕ್ಕೆ ಇದೇ ಕಡಿವಾಣ. ಎರಡನೆಯ ಸಾಲು ದೂರದ್ದು: "ಮಾರ್ಚ್ ಎರಡನೆಯ ವಾರದೊಳಗೆ ಒಂದು ಸಲವಾದರೂ 26 ಕಿ.ಮೀ. ಓಡಿರುತ್ತೇನೆ." ಮೂರನೆಯ ಸಾಲು ಸಮಯದ್ದು. ಅದನ್ನು ಡಿಸೆಂಬರಿನಲ್ಲಿ ಖಾಲಿ ಬಿಡಿ.

ಆ ಖಾಲಿ ಜಾಗವನ್ನು ತುಂಬಬೇಕಾದದ್ದು ಫೆಬ್ರವರಿ ಕೊನೆಯಲ್ಲಿ. ರಸ್ತೆ ಒಣಗಿರುವ ಒಂದು ದಿನ, ಇಲ್ಲವೇ ಒಳಾಂಗಣದ ಟ್ರ್ಯಾಕಿನಲ್ಲಿ, 10 ಕಿ.ಮೀ.ಯನ್ನು ಶಕ್ತಿ ಮೀರದಂತೆ ಆದರೆ ಗಟ್ಟಿಯಾಗಿ ಓಡಿ ಸಮಯ ನೋಡಿಕೊಳ್ಳಿ. ಅಮೆರಿಕದ ಎಂಜಿನಿಯರ್ ಪೀಟರ್ ರೀಗಲ್ ರೂಪಿಸಿದ ಸೂತ್ರವೊಂದು ಓಟಗಾರರಲ್ಲಿ ಬಹಳ ಬಳಕೆಯಲ್ಲಿದೆ. ಅದರ ಪ್ರಕಾರ ದೂರ ಮೂರು ಪಟ್ಟಾದರೆ ಸಮಯ ಸುಮಾರು 3.2 ಪಟ್ಟಾಗುತ್ತದೆ. 10 ಕಿ.ಮೀ.ಗೆ ಒಂದು ಗಂಟೆ ತೆಗೆದುಕೊಂಡವರು 30 ಕಿ.ಮೀ.ಗೆ 3 ಗಂಟೆ 12 ನಿಮಿಷ ಎಂದು ಅಂದಾಜು ಮಾಡಬಹುದು. ಹ್ಯಾಮಿಲ್ಟನ್ನಿನ ದಾರಿಯಲ್ಲಿ ಏರುಗಳೆಲ್ಲ ದ್ವಿತೀಯಾರ್ಧದಲ್ಲೇ ಗುಂಪುಗೂಡಿರುವುದರಿಂದ ನಾನು ಅದಕ್ಕೆ ಇನ್ನೂ ಐದಾರು ನಿಮಿಷ ಸೇರಿಸಿ, "3:10ರಿಂದ 3:20" ಎಂದು ಒಂದು ವ್ಯಾಪ್ತಿಯಾಗಿ ಬರೆದುಕೊಳ್ಳುತ್ತೇನೆ. ಒಂದೇ ಅಂಕಿ ಬರೆದರೆ ಅದು ಓಟದ ದಿನ ತಲೆಯ ಮೇಲೆ ಕುಳಿತುಬಿಡುತ್ತದೆ.

ಹಂತ 2: ಹದಿನೈದು ವಾರಗಳನ್ನು ಹಿಂದಿನಿಂದ ಎಣಿಸಿ

ಮಾರ್ಚ್ ಕೊನೆಯ ಭಾನುವಾರದಿಂದ ಹಿಂದಕ್ಕೆ ಎಣಿಸಿದರೆ ಹದಿನೈದು ವಾರ ಡಿಸೆಂಬರಿನ ನಡುಭಾಗಕ್ಕೆ ಬಂದು ನಿಲ್ಲುತ್ತದೆ. ವಾರದ ನಾಲ್ಕು ಓಟಗಳಲ್ಲಿ ಭಾನುವಾರದ ದೀರ್ಘ ಓಟವೇ ಬೆನ್ನೆಲುಬು. ಅದರ ದೂರ ಮೊದಲ ವಾರದಿಂದ ಕ್ರಮವಾಗಿ 10, 12, 13, 10, 14, 16, 18, 13, 20, 22, 16, 24, 26, 16 ಕಿ.ಮೀ. ಆಗಿ, ಹದಿನೈದನೆಯ ಭಾನುವಾರ ಓಟದ ದಿನವಾಗುತ್ತದೆ. ನಡುನಡುವೆ ದೂರ ಇಳಿದಿರುವುದನ್ನು ಗಮನಿಸಿ. ಅವು ಮೊಣಕಾಲಿಗೂ ಹಿಮ್ಮಡಿಯ ನರಕ್ಕೂ ಸುಧಾರಿಸಿಕೊಳ್ಳಲು ಕೊಟ್ಟ ವಾರಗಳು, ಅವುಗಳನ್ನು ಹಾರಿಸಿದವರು ಫೆಬ್ರವರಿಯಲ್ಲಿ ಕುಂಟುವುದನ್ನು ನಾನು ಕಂಡಿದ್ದೇನೆ. ಉಳಿದ ಮೂರು ದಿನಗಳಲ್ಲಿ ಎರಡು ದಿನ 40ರಿಂದ 50 ನಿಮಿಷದ ನಿಧಾನ ಓಟ. ಒಂದು ದಿನ ಏರು ಹತ್ತುವ ಅಭ್ಯಾಸ ಅಥವಾ ಟ್ರೆಡ್‌ಮಿಲ್ ಮೇಲೆ ಸ್ವಲ್ಪ ವೇಗದ ಓಟ.

ಹಿಮದಲ್ಲಿ ಓಡುವಾಗ ಕಿಲೋಮೀಟರಿಗೆ ಎಷ್ಟು ನಿಮಿಷ ಎಂದು ಗಡಿಯಾರ ನೋಡುವ ಚಟವನ್ನು ಬಿಡಬೇಕು. ಹೊಸದಾಗಿ ಬಿದ್ದ ಹಿಮದಲ್ಲಿ ಪ್ರತಿ ಹೆಜ್ಜೆಯೂ ತುಸು ಹಿಂದಕ್ಕೆ ಜಾರುತ್ತದೆ. ಬೇಸಿಗೆಯಲ್ಲಿ ಕಿಲೋಮೀಟರಿಗೆ 6:30ರಂತೆ ಸಲೀಸಾಗಿ ಹೋಗುವ ನನಗೆ ಅಂಥ ದಿನ 7:15 ಆಗುತ್ತದೆ, ಉಸಿರಿನ ಶ್ರಮ ಮಾತ್ರ ಅಷ್ಟೇ ಇರುತ್ತದೆ. ಆದ್ದರಿಂದ ವಾರದ ನಡುವಿನ ಓಟಗಳನ್ನು ದೂರದಲ್ಲಿ ಅಳೆಯದೆ ನಿಮಿಷಗಳಲ್ಲಿ ಅಳೆಯಿರಿ. ಜೊತೆಗಾರರೊಡನೆ ಪೂರ್ತಿ ವಾಕ್ಯಗಳಲ್ಲಿ ಮಾತಾಡಲು ಆಗುವಷ್ಟು ವೇಗವೇ ನಿಧಾನ ಓಟದ ಅಳತೆ. ಒಬ್ಬರೇ ಇದ್ದರೆ ನಾಲ್ಕು ಸಾಲಿನ ವಚನವೊಂದನ್ನು ಗಟ್ಟಿಯಾಗಿ ಹೇಳಿಕೊಂಡು ನೋಡಬಹುದು. ಎರಡನೆಯ ಸಾಲಿಗೇ ಉಸಿರು ಕಟ್ಟಿದರೆ ನೀವು ವೇಗವಾಗಿ ಹೋಗುತ್ತಿದ್ದೀರಿ.

ಡಿಸೆಂಬರ್ ರಜೆಗೆ ಊರಿಗೆ ಹೋಗುವವರ ಪ್ರಶ್ನೆ ಪ್ರತಿ ವರ್ಷವೂ ಬರುತ್ತದೆ. ಹೋಗಿ ಬನ್ನಿ, ಯೋಜನೆ ಕೆಡುವುದಿಲ್ಲ. ಮೊದಲ ನಾಲ್ಕು ವಾರಗಳ ದೂರ ಕಡಿಮೆಯೇ. ಕಬ್ಬನ್ ಪಾರ್ಕಿನಲ್ಲೋ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೋ ಬೆಳಗಿನ ಆರು ಗಂಟೆಗೆ ಅದನ್ನು ಸುಖವಾಗಿ ಮುಗಿಸಬಹುದು. ತೊಂದರೆ ಇರುವುದು ಮರಳಿ ಬಂದ ಮೇಲೆ. ಮೂವತ್ತು ಡಿಗ್ರಿಯ ಮಧ್ಯಾಹ್ನಗಳಿಗೆ ಒಗ್ಗಿದ ಮೈ ಜನವರಿಯ ನಡುವಿನ ಟೊರೊಂಟೊಗೆ ಬಂದಿಳಿದಾಗ ಮೊದಲ ವಾರ ಅರ್ಧ ಓಟ ಒಳಗೆ, ಅರ್ಧ ಹೊರಗೆ ಇರಲಿ. ನಿದ್ರೆಯ ಲಯ ಸರಿಯಾಗುವ ತನಕ ದೀರ್ಘ ಓಟಕ್ಕೆ ಕೈಹಾಕಬೇಡಿ.

ಹಂತ 3: ಹೊರಡುವ ಮುನ್ನ ಗಾಳಿಯನ್ನು ಓದಿ

ಫೋನಿನಲ್ಲಿ ಕಾಣುವ ಡಿಗ್ರಿಗಿಂತ ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವ ವಿಂಡ್‌ಚಿಲ್ ಸಂಖ್ಯೆಯೇ ಓಟಗಾರನಿಗೆ ಮುಖ್ಯ. ಬೀಸುವ ಗಾಳಿ ಚರ್ಮದ ಸುತ್ತಲಿನ ಬೆಚ್ಚನೆಯ ತೆಳುಪದರವನ್ನು ಹೊತ್ತೊಯ್ಯುತ್ತದೆ. ಹೊರಗೆ ಮೈನಸ್ 10 ಡಿಗ್ರಿ ಇದ್ದು, ಗಂಟೆಗೆ 30 ಕಿ.ಮೀ. ವೇಗದ ಗಾಳಿ ಇದ್ದರೆ ಮುಖಕ್ಕೆ ಮೈನಸ್ 20ರ ಚಳಿ ತಟ್ಟುತ್ತದೆ. ವಿಂಡ್‌ಚಿಲ್ ಮೈನಸ್ 28ಕ್ಕೆ ಇಳಿದರೆ ತೆರೆದ ಚರ್ಮ 10ರಿಂದ 30 ನಿಮಿಷಗಳೊಳಗೆ ಹೆಪ್ಪುಗಟ್ಟಬಹುದು ಎಂಬುದು ಕೆನಡಾದ ಹವಾಮಾನ ಇಲಾಖೆಯ ಎಚ್ಚರಿಕೆ. ನನ್ನ ಸ್ವಂತ ಗಡಿ ಮೈನಸ್ 25. ಅದಕ್ಕಿಂತ ಕೆಳಗಾದರೆ ಟ್ರೆಡ್‌ಮಿಲ್ ಹತ್ತುತ್ತೇನೆ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಚಳಿಗಿಂತ ಹೆಚ್ಚು ಹೆದರಬೇಕಾದದ್ದು ಮಂಜುಗಡ್ಡೆಗೆ. ಹಗಲು ಕರಗಿದ ಹಿಮ ರಾತ್ರಿ ರಸ್ತೆಯ ಮೇಲೆ ಗಾಜಿನಂತೆ ಗಟ್ಟಿಯಾಗುತ್ತದೆ. ಇದು ಕಪ್ಪು ಡಾಂಬರಿನ ಬಣ್ಣದಲ್ಲೇ ಕಾಣುವುದರಿಂದ ಬ್ಲ್ಯಾಕ್ ಐಸ್ ಎನ್ನುತ್ತಾರೆ. ಮೈನಸ್ 15ರ ಒಣ ದಿನಕ್ಕಿಂತ, ಸೊನ್ನೆಯ ಆಚೀಚೆ ತೂಗಾಡುವ ದಿನವೇ ಹೆಚ್ಚು ಅಪಾಯದ್ದು. ಹೆಪ್ಪುಮಳೆ, ಅಂದರೆ ಫ್ರೀಜಿಂಗ್ ರೈನ್, ಬರುವ ಸೂಚನೆ ಇದ್ದರೆ ಯಾವ ಶೂ ಹಾಕಿದರೂ ಪ್ರಯೋಜನವಿಲ್ಲ, ಅಂದು ಮನೆಯಲ್ಲಿರಿ.

ಇನ್ನೊಂದು ನಿಯಮವನ್ನು ಒಂಟಾರಿಯೊ ಸರೋವರದ ದಂಡೆಯ ಹಾದಿಯಲ್ಲಿ ಓಡುವವರು ಮರೆಯಬಾರದು. ಮೊದಲರ್ಧವನ್ನು ಎದುರುಗಾಳಿಗೆ ಓಡಿ, ಮರಳುವಾಗ ಗಾಳಿ ಬೆನ್ನಿಗಿರಲಿ. ತಿರುಗುಮುರುಗಾದರೆ ಏನಾಗುತ್ತದೆ ಎಂಬುದನ್ನು ನಾನು ಒಮ್ಮೆ ಚೆನ್ನಾಗಿ ಅರಿತಿದ್ದೇನೆ. ಎಂಟು ಕಿಲೋಮೀಟರ್ ದೂರವನ್ನು ಬೆನ್ನುಗಾಳಿಯ ಸುಖದಲ್ಲಿ ಬೆವರುತ್ತಾ ಹೋಗಿ, ತಿರುಗಿದ ಕೂಡಲೇ ಆ ಬೆವರಿನ ಮೇಲೆ ಸರೋವರದ ಗಾಳಿ ಬಂದು ಬಿತ್ತು. ಹತ್ತು ನಿಮಿಷದಲ್ಲಿ ರೆಪ್ಪೆಯ ಕೂದಲಿಗೆ ಮಂಜಿನ ಮಣಿಗಳು ಕಟ್ಟಿ, ಕಣ್ಣು ಮುಚ್ಚಿದರೆ ತೆರೆಯಲು ಒಂದು ಕ್ಷಣ ಎಳೆದಂತಾಗುತ್ತಿತ್ತು. ಜೇಬಿನಿಂದ ಮನೆಯ ಬೀಗದ ಕೈ ತೆಗೆಯಲು ಬೆರಳು ಮಡಿಯಲಿಲ್ಲ, ಕರೆಗಂಟೆಯನ್ನು ಮೊಣಕೈಯಿಂದ ಒತ್ತಬೇಕಾಯಿತು.

ಹಂತ 4: ಉಡುಪನ್ನು ಈ ಕ್ರಮದಲ್ಲಿ ಕೊಳ್ಳಿ

ಅಂಗಡಿಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಜಾಕೆಟ್, ನಾವು ಕೊಳ್ಳಬೇಕಾದದ್ದು ಅದನ್ನು ಕಡೆಗೆ. ನನ್ನ ಕ್ರಮ ಹೀಗಿದೆ: ಮೈಗೆ ಅಂಟುವ ಒಳಪದರ, ಕೈಗವಸು, ಕಾಲುಚೀಲ, ಟೋಪಿ ಮತ್ತು ಕತ್ತಿನ ಪಟ್ಟಿ, ಟೈಟ್ಸ್ ಎಂಬ ಕಾಲಿಗೆ ಅಂಟುವ ಪ್ಯಾಂಟ್, ಶೂಗೆ ಹಿಡಿತ, ಬೆಳಕು, ಇವೆಲ್ಲ ಆದ ಮೇಲೆ ಗಾಳಿ ತಡೆಯುವ ತೆಳು ಜಾಕೆಟ್. ಎಲ್ಲವನ್ನೂ ಒಂದೇ ದಿನ ಕೊಳ್ಳುವ ಅಗತ್ಯವಿಲ್ಲ. ಡಿಸೆಂಬರ್ 26ರ ಬಾಕ್ಸಿಂಗ್ ಡೇ ರಿಯಾಯಿತಿಯಲ್ಲಿ ಅರ್ಧವನ್ನೂ, ಮುಂದಿನ ವರ್ಷಕ್ಕೆ ಬೇಕಾದುದನ್ನು ಮಾರ್ಚ್ ಕೊನೆಯ ಋತು ಮುಗಿದ ಮಾರಾಟದಲ್ಲೂ ಕೊಂಡರೆ ಖರ್ಚು ಎಷ್ಟೋ ಇಳಿಯುತ್ತದೆ.

ಎಷ್ಟು ಬಟ್ಟೆ ಹಾಕಬೇಕು ಎಂಬುದಕ್ಕೆ ಓಟಗಾರರೆಲ್ಲ ಒಪ್ಪುವ ಸರಳ ನಿಯಮವೊಂದಿದೆ. ಇರುವ ತಾಪಮಾನಕ್ಕಿಂತ ಹತ್ತು ಡಿಗ್ರಿ ಬೆಚ್ಚಗಿದೆ ಎಂದು ಭಾವಿಸಿಕೊಂಡು, ಸುಮ್ಮನೆ ನಡೆಯಲು ಹೋಗುವವರಂತೆ ಉಡಬೇಕು. ಮೊದಲ ಹತ್ತು ನಿಮಿಷ ಚಳಿಯಾಗಲೇಬೇಕು. ಬಾಗಿಲಲ್ಲಿ ನಿಂತಾಗಲೇ ಹಿತವಾಗಿ ಬೆಚ್ಚಗಿದ್ದರೆ ಒಂದು ಪದರ ಹೆಚ್ಚಾಗಿದೆ ಎಂದೇ ತಿಳಿಯಿರಿ.

ಒಳಪದರದ ವಿಷಯದಲ್ಲಿ ನಮ್ಮ ಹತ್ತಿ ಬನಿಯನ್ನಿನ ಮೇಲಿನ ಪ್ರೀತಿಯನ್ನು ಬಿಡಬೇಕಾಗುತ್ತದೆ. ಊರಿನ ಸೆಕೆಗೆ ಹತ್ತಿಯಷ್ಟು ಒಳ್ಳೆಯ ಬಟ್ಟೆ ಇಲ್ಲ, ಏಕೆಂದರೆ ಅದು ಬೆವರನ್ನು ಹೀರಿ ಹಿಡಿದುಕೊಂಡು ಮೈಯನ್ನು ತಂಪಾಗಿಸುತ್ತದೆ. ಅದೇ ಗುಣ ಇಲ್ಲಿ ಶತ್ರು. ಒದ್ದೆ ಹತ್ತಿ ಮೈಗಂಟಿಕೊಂಡು ದೇಹದ ಶಾಖವನ್ನು ಹೊರಕ್ಕೆ ಸಾಗಿಸುತ್ತಲೇ ಇರುತ್ತದೆ, ಸಿಗ್ನಲ್ಲಿನಲ್ಲಿ ಒಂದು ನಿಮಿಷ ನಿಂತರೂ ಬೆನ್ನಿಗೆ ಮಂಜುಗಡ್ಡೆ ಇಟ್ಟಂತಾಗುತ್ತದೆ. ಪಾಲಿಯೆಸ್ಟರ್ ಅಥವಾ ಮೆರಿನೊ ಉಣ್ಣೆಯ, ಮೈಗೆ ಸರಿಯಾಗಿ ಕೂರುವ ಉದ್ದ ತೋಳಿನ ಬನಿಯನ್ ಎರಡಾದರೂ ಇರಲಿ. ಪಾಲಿಯೆಸ್ಟರ್ ಅಗ್ಗ, ಬೇಗ ಒಣಗುತ್ತದೆ, ವಾಸನೆ ಹಿಡಿಯುತ್ತದೆ. ಮೆರಿನೊ ದುಬಾರಿ, ಒದ್ದೆಯಾದರೂ ಬೆಚ್ಚಗಿರುತ್ತದೆ, ಮೂರು ಸಲ ತೊಟ್ಟರೂ ನಾರುವುದಿಲ್ಲ; ಆದರೆ ವಾಷಿಂಗ್ ಮಷೀನಿನ ಬಿಸಿನೀರಿಗೆ ಹಾಕಿದರೆ ಮಗುವಿನ ಅಂಗಿಯಷ್ಟಾಗಿ ಹೊರಬರುತ್ತದೆ.

ಪದರಗಳ ಲೆಕ್ಕ ನನಗೆ ಹೀಗೆ ಹೊಂದಿಕೊಂಡಿದೆ. ಚಳಿ ತಡೆಯುವ ಶಕ್ತಿ ಒಬ್ಬೊಬ್ಬರದು ಒಂದೊಂದು ರೀತಿಯಾದ್ದರಿಂದ ಇದನ್ನು ಆರಂಭದ ಅಂದಾಜು ಎಂದಷ್ಟೇ ಇಟ್ಟುಕೊಳ್ಳಿ. 5 ಡಿಗ್ರಿಯಿಂದ ಸೊನ್ನೆಯವರೆಗೆ ಉದ್ದ ತೋಳಿನ ಒಂದೇ ಅಂಗಿ, ತೆಳು ಕೈಗವಸು. ಸೊನ್ನೆಯಿಂದ ಮೈನಸ್ 8ರವರೆಗೆ ಒಳಪದರದ ಮೇಲೆ ಇನ್ನೊಂದು ಅಂಗಿ, ಟೈಟ್ಸ್, ಕಿವಿ ಮುಚ್ಚುವ ಪಟ್ಟಿ ಅಥವಾ ಟೋಪಿ. ಮೈನಸ್ 8ರಿಂದ ಮೈನಸ್ 15ರವರೆಗೆ ಅವೆರಡರ ಮೇಲೆ ಗಾಳಿ ತಡೆಯುವ ಜಾಕೆಟ್, ದಪ್ಪ ಕೈಗವಸು, ಕತ್ತಿನ ಪಟ್ಟಿ. ಅದಕ್ಕೂ ಕೆಳಗಾದರೆ ಮುಖ ಮುಚ್ಚಬೇಕು, ಟೈಟ್ಸ್ ಮೇಲೆ ಗಾಳಿ ತಡೆಯುವ ಪ್ಯಾಂಟ್ ಬೇಕು. ಗಂಡಸರು ಒಳಉಡುಪಿನ ಮುಂಭಾಗದಲ್ಲಿ ಗಾಳಿ ತಡೆಯುವ ಬಟ್ಟೆ ಹೊಲಿದಿರುವುದನ್ನೇ ಆರಿಸಿಕೊಳ್ಳುವುದು ಲೇಸು. ಏಕೆ ಎಂಬುದನ್ನು ಒಂದು ಸಲ ಮರೆತವರು ಮತ್ತೆಂದೂ ಮರೆಯುವುದಿಲ್ಲ.

ಕೈಗೆ ಐದು ಬೆರಳಿನ ಗ್ಲೌಸ್‌ಗಿಂತ ಬೆರಳುಗಳೆಲ್ಲ ಒಂದೇ ಚೀಲದಲ್ಲಿರುವ ಮಿಟನ್ ಬೆಚ್ಚಗೆ, ಏಕೆಂದರೆ ಬೆರಳುಗಳು ಒಂದರ ಶಾಖವನ್ನು ಒಂದು ಹಂಚಿಕೊಳ್ಳುತ್ತವೆ. ತೆಳು ಗ್ಲೌಸ್ ಹಾಕಿ ಮೇಲೊಂದು ಮಿಟನ್ ತೊಟ್ಟರೆ ಸೆಕೆಯಾದಾಗ ಒಂದನ್ನು ತೆಗೆದು ಜೇಬಿಗೆ ಹಾಕಬಹುದು.

ತಲೆಯ ಮೂಲಕವೇ ದೇಹದ ಅರ್ಧ ಶಾಖ ಹೋಗುತ್ತದೆ ಎಂಬ ಮಾತನ್ನು ಎಲ್ಲರೂ ಕೇಳಿರುತ್ತೇವೆ. ಅದು ನಿಜವಲ್ಲ. ತಲೆ ದೇಹದ ಮೇಲ್ಮೈಯ ಸುಮಾರು ಹತ್ತನೆಯ ಒಂದು ಭಾಗ, ಅಲ್ಲಿಂದ ಹೋಗುವ ಶಾಖವೂ ಹೆಚ್ಚುಕಡಿಮೆ ಅಷ್ಟೇ. ಆದರೂ ಕಿವಿಗಳು ತೆಳ್ಳಗಿರುವುದರಿಂದ ಬಹು ಬೇಗ ಮರಗಟ್ಟುತ್ತವೆ, ಅವುಗಳನ್ನು ಮುಚ್ಚಲೇಬೇಕು. ನಮ್ಮ ಮನೆಗಳಲ್ಲಿ ಅಮ್ಮಂದಿರು ಸೂಟ್‌ಕೇಸಿಗೆ ತುರುಕಿ ಕಳಿಸುವ ಮಂಕಿ ಕ್ಯಾಪ್ ಈ ಊರಿನವರು ಬಾಲಾಕ್ಲಾವ ಎಂದು ಕರೆಯುವ ವಸ್ತುವೇ. ವಿನ್ಯಾಸದಲ್ಲಿ ಅಮ್ಮನದು ಸರಿಯಾದ ಆಯ್ಕೆ. ದಪ್ಪ ನೂಲಿನದಾದರೆ ಬಾಯಿಯ ಬಳಿ ಉಸಿರಿನ ತೇವ ಹಿಡಿದು ಗಟ್ಟಿಯಾಗುತ್ತದೆ ಎಂಬುದೊಂದೇ ಅದರ ದೋಷ. ತೆಳುವಾದ, ಕೊಳವೆಯಂಥ ಕತ್ತಿನ ಪಟ್ಟಿಯಾದರೆ ಒದ್ದೆಯಾದ ಭಾಗವನ್ನು ತಿರುಗಿಸಿಕೊಂಡು ಒಣ ಭಾಗವನ್ನು ಬಾಯಿಗೆ ತಂದುಕೊಳ್ಳಬಹುದು. ತುಟಿಗೂ ತೊಡೆಯ ಸಂದಿಗೂ ವ್ಯಾಸಲೀನ್ ಹಚ್ಚಿ. ಅದು ಉಜ್ಜುಗಾಯವನ್ನು ತಪ್ಪಿಸುತ್ತದೆ ಅಷ್ಟೇ, ಚಳಿಯನ್ನೂ ತಡೆಯುತ್ತದೆ ಎಂದು ನಂಬಿ ಮುಖ ತೆರೆದಿಡಬೇಡಿ. ಕೊಬ್ಬರಿ ಎಣ್ಣೆಯ ಯೋಚನೆ ಬಂದರೆ ಬಿಟ್ಟುಬಿಡಿ, ಅದು ಇಲ್ಲಿಯ ಅಡುಗೆಮನೆಯಲ್ಲೇ ಕಲ್ಲಾಗಿ ಕುಳಿತಿರುತ್ತದೆ.

ಹಂತ 5: ಶೂ ಮತ್ತು ಹಿಡಿತ

ಹೊಸ ಶೂ ಕೊಳ್ಳುವ ಮೊದಲು ಇರುವ ಶೂವನ್ನು ನೋಡಿ. ಉಪ್ಪು ಹಾಕಿ ಹಿಮ ತೆಗೆದ ಪಟ್ಟಣದ ರಸ್ತೆಗಳಲ್ಲಿ ಬೇಸಿಗೆಯ ಶೂಗಳೇ ಮುಕ್ಕಾಲು ಪಾಲು ದಿನ ಸಾಕಾಗುತ್ತವೆ. ಚಳಿಗೆ ಅಡಿಯ ಫೋಮ್ ಗಟ್ಟಿಯಾಗಿ ಮೊದಲ ಒಂದೆರಡು ಕಿಲೋಮೀಟರ್ ಹಲಗೆಯ ಮೇಲೆ ಓಡಿದಂತೆನಿಸುವುದು ಸಹಜ. ಶೂವನ್ನು ರಾತ್ರಿ ಕಾರಿನಲ್ಲಿ ಬಿಡದೆ ಮನೆಯೊಳಗಿಟ್ಟರೆ ಇದು ಕಡಿಮೆಯಾಗುತ್ತದೆ. ತುಳಿದು ಗಟ್ಟಿಯಾದ ಹಿಮದ ಹಾದಿಯಲ್ಲಿ ಓಡುವವರಿಗೆ ಮಾತ್ರ ಅಡಿಯಲ್ಲಿ ಆಳವಾದ ಹಲ್ಲುಗಳಿರುವ ಟ್ರೇಲ್ ಶೂ ಬೇಕು. ಅದನ್ನು ಕೊಳ್ಳುವಾಗ ಚಳಿಗಾಲದ ದಪ್ಪ ಸಾಕ್ಸ್ ಹಾಕಿಕೊಂಡೇ ಅಂಗಡಿಗೆ ಹೋಗಿ, ಅರ್ಧ ಅಳತೆ ದೊಡ್ಡದನ್ನು ತೊಟ್ಟು ನೋಡಿ. ಬಿಗಿಯಾದ ಶೂನಲ್ಲಿ ರಕ್ತ ಓಡದೆ ಬೆರಳು ಬೇಗ ಮರಗಟ್ಟುತ್ತದೆ, ಎರಡು ಸಾಕ್ಸ್ ತುರುಕಿದರೂ ಇದೇ ಕಥೆ.

ಮಂಜುಗಡ್ಡೆಗೆ ಶೂ ಮೇಲೆ ಎಳೆದು ಹಾಕುವ, ಸಣ್ಣ ಮೊಳೆಗಳಿರುವ ರಬ್ಬರ್ ಪಟ್ಟಿಗಳು ಸಿಗುತ್ತವೆ. ಅವು ಒಳ್ಳೆಯವೇ, ಆದರೆ ಬರಿಯ ರಸ್ತೆ ಬಂದಾಗ ಕಟಕಟ ಸದ್ದು ಮಾಡಿ ಪಾದ ನೋಯಿಸುತ್ತವೆ. ಅಗ್ಗದ ದಾರಿಯೊಂದನ್ನು ಇಲ್ಲಿನ ಹಳೆಯ ಓಟಗಾರರೊಬ್ಬರು ನನಗೆ ಕಲಿಸಿದರು. ಹಾರ್ಡ್‌ವೇರ್ ಅಂಗಡಿಯಿಂದ ಆರು ಮೂಲೆಯ ತಲೆ ಇರುವ, ಅಂಗುಲದ ಮೂರು-ಎಂಟಾಂಶ ಉದ್ದದ ತಗಡಿನ ಸ್ಕ್ರೂಗಳನ್ನು ತಂದು, ಸವೆದ ಹಳೆಯ ಶೂ ಒಂದರ ಅಡಿಗೆ, ರಬ್ಬರ್ ದಪ್ಪಗಿರುವ ಅಂಚಿನ ಸುತ್ತ, ಒಂದೊಂದು ಕಾಲಿಗೆ ಹತ್ತರಿಂದ ಹನ್ನೆರಡು ತಿರುಗಿಸಿ ಕೂರಿಸಬೇಕು. ಹಿಮ್ಮಡಿಯ ಭಾಗಕ್ಕೆ ನಾಲ್ಕು, ಮುಂಗಾಲಿಗೆ ಉಳಿದವು, ನಡುವಿನ ಕಮಾನಿಗೆ ಬೇಡ. ಮುಗಿಸಿದ ಮೇಲೆ ಕೈಯನ್ನು ಶೂ ಒಳಗೆ ತೂರಿಸಿ ಮೊನೆ ತಾಗುವುದೇ ಎಂದು ಸವರಿ ನೋಡಿ. ಮಂಜುಗಡ್ಡೆಯನ್ನು ಕಚ್ಚಿ ಹಿಡಿಯುವುದು ಆ ಸ್ಕ್ರೂಗಳ ತಲೆಯ ಅಂಚು. ಮನೆಯ ಮರದ ನೆಲದ ಮೇಲೆ ಇದೇ ಶೂನಲ್ಲಿ ಎರಡು ಹೆಜ್ಜೆ ಇಟ್ಟು ನಾನು ಕೇಳಿಸಿಕೊಂಡ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಓಡಿ ಬಂದ ಮೇಲೆ ರಸ್ತೆಯ ಉಪ್ಪನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಶೂ ಒಳಗೆ ಹಳೆಯ ಪತ್ರಿಕೆ ತುರುಕಿ ಒಣಗಲು ಬಿಡಿ. ಹೀಟರಿನ ಬಾಯಿಗೆ ಇಟ್ಟರೆ ಅಂಟು ಬಿಡುತ್ತದೆ.

ಹಂತ 6: ಬೆಳಕು, ನೀರು, ಹಾದಿಯ ಬದಿ

ಡಿಸೆಂಬರ್ ಕೊನೆಯಲ್ಲಿ ಟೊರೊಂಟೊದಲ್ಲಿ ಸೂರ್ಯ ಹುಟ್ಟುವುದು ಬೆಳಗ್ಗೆ 7:50ರ ಸುಮಾರಿಗೆ, ಮುಳುಗುವುದು ಸಂಜೆ 4:45ರ ಸುಮಾರಿಗೆ. ಕೆಲಸಕ್ಕೆ ಹೋಗುವವರ ಓಟವೆಲ್ಲ ಕತ್ತಲಿನಲ್ಲೇ. ಬೆಳಕು ಬಿದ್ದರೆ ಹೊಳೆಯುವ ವೆಸ್ಟ್, ಹಣೆಗೆ ಕಟ್ಟುವ ದೀಪ ಇವೆರಡೂ ಕಡ್ಡಾಯ. ಪಾದಚಾರಿ ಹಾದಿ ಹಿಮದಲ್ಲಿ ಮುಚ್ಚಿ ರಸ್ತೆಗೆ ಇಳಿಯಬೇಕಾದಾಗ ಎದುರಿನಿಂದ ಬರುವ ವಾಹನ ಕಾಣುವಂತೆ ಓಡಬೇಕು. ಊರಿನಲ್ಲಿ ಅದಕ್ಕೆ ರಸ್ತೆಯ ಬಲಬದಿ ಸರಿ, ಕೆನಡಾದಲ್ಲಿ ವಾಹನಗಳು ಬಲಕ್ಕೆ ಚಲಿಸುವುದರಿಂದ ನಾವು ಎಡಬದಿಯಲ್ಲಿರಬೇಕು. ರಜೆ ಮುಗಿಸಿ ಬಂದ ಮೊದಲ ವಾರ ಕಾಲು ತಾನಾಗಿ ತಪ್ಪು ಬದಿಗೆ ಹೋಗುತ್ತದೆ, ಎಚ್ಚರವಿರಲಿ. ಫೋನನ್ನು ಒಳಪದರದ ಪಕ್ಕದ ಜೇಬಿನಲ್ಲಿಡಿ, ಚಳಿಗೆ ಬ್ಯಾಟರಿ ಇದ್ದಕ್ಕಿದ್ದಂತೆ ಸಾಯುತ್ತದೆ.

ಚಳಿಯಲ್ಲಿ ಬಾಯಾರಿಕೆ ತಿಳಿಯುವುದಿಲ್ಲ, ಬೆವರು ಮಾತ್ರ ಹೋಗುತ್ತಿರುತ್ತದೆ. ಒಂದೂವರೆ ಗಂಟೆ ಮೀರುವ ಓಟಕ್ಕೆ ಬೆಚ್ಚನೆಯ ನೀರು ತುಂಬಿದ ಬಾಟಲಿಯನ್ನು ತಲೆಕೆಳಗಾಗಿ ಇಟ್ಟುಕೊಂಡು ಹೋಗಿ. ನೀರು ಮೇಲಿನಿಂದ ಹೆಪ್ಪುಗಟ್ಟುವುದರಿಂದ ಹಾಗಿಟ್ಟರೆ ಬಾಯಿ ತೆರೆದೇ ಇರುತ್ತದೆ. ತಿನ್ನಲು ಕಡಲೆ ಮಿಠಾಯಿ ಒಯ್ದು ಹಲ್ಲಿಗೆ ಅಪಾಯ ತಂದುಕೊಳ್ಳಬೇಡಿ. ಬೀಜ ತೆಗೆದ ಖರ್ಜೂರವನ್ನು ಮಿಟನ್ ಒಳಗೆ ಅಂಗೈಗೆ ತಾಗುವಂತೆ ಇಟ್ಟುಕೊಂಡರೆ ಹದಿನೆಂಟನೆಯ ಕಿಲೋಮೀಟರಿನಲ್ಲೂ ಮೆತ್ತಗಿರುತ್ತದೆ.

ಹಂತ 7: ಮನೆಗೆ ಬಂದ ಮೊದಲ ಐದು ನಿಮಿಷ

ಓಟ ನಿಂತ ಕೂಡಲೇ ದೇಹ ಶಾಖ ತಯಾರಿಸುವುದನ್ನು ಇಳಿಸುತ್ತದೆ, ಒದ್ದೆ ಬಟ್ಟೆ ಮಾತ್ರ ಮೈಮೇಲೆಯೇ ಇರುತ್ತದೆ. ಗಡಿಯಾರದ ಅಂಕಿಅಂಶಗಳನ್ನು ಆಮೇಲೆ ನೋಡಿಕೊಳ್ಳಿ. ಮೊದಲು ಬಟ್ಟೆ ಬದಲಿಸಿ, ಆಮೇಲೆ ಬಿಸಿ ರಾಗಿ ಅಂಬಲಿಯೋ ಮೆಣಸಿನ ಸಾರೋ ಒಂದು ಲೋಟ ಕುಡಿಯಿರಿ. ಕನ್ನಡಿಯಲ್ಲಿ ಮೂಗು, ಕೆನ್ನೆ, ಕಿವಿಯ ಅಂಚನ್ನು ನೋಡಿಕೊಳ್ಳುವುದು ರೂಢಿಯಾಗಲಿ. ನಮ್ಮ ಕಂದು ಚರ್ಮದಲ್ಲಿ ಚಳಿ ತಿಂದ ಜಾಗ ಬೂದುಬಣ್ಣಕ್ಕೆ ತಿರುಗಿ, ಮೇಣದಂತೆ ಕಾಣುತ್ತದೆ, ಮುಟ್ಟಿದರೆ ತಿಳಿಯುವುದಿಲ್ಲ. ಅದನ್ನು ಉಜ್ಜಬಾರದು, ಒಲೆಗೆ ಹಿಡಿಯಬಾರದು. 37ರಿಂದ 39 ಡಿಗ್ರಿಯ ಬೆಚ್ಚನೆಯ ನೀರಿನಲ್ಲಿ ಅದ್ದಿಡಬೇಕು, ಮುಖವಾದರೆ ಅಂಥ ನೀರಿನಲ್ಲಿ ಹಿಂಡಿದ ಬಟ್ಟೆ ಇಡಬೇಕು. ಸ್ಪರ್ಶ ಬೇಗ ಮರಳದಿದ್ದರೆ, ಗುಳ್ಳೆ ಎದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಹಂತ 8: ಓಟದ ದಿನ

ಮಾರ್ಚ್ ಕೊನೆಯ ಹ್ಯಾಮಿಲ್ಟನ್ ಮೈನಸ್ 8ನ್ನೂ ತೋರಿಸಬಹುದು, 12 ಡಿಗ್ರಿಯ ಬಿಸಿಲನ್ನೂ ಕೊಡಬಹುದು. ಎರಡಕ್ಕೂ ಬೇಕಾದ ಬಟ್ಟೆಯನ್ನು ಹಿಂದಿನ ರಾತ್ರಿ ಚೀಲಕ್ಕೆ ತುಂಬಿ, ಬೆಳಗ್ಗೆ ಎದ್ದು ತೀರ್ಮಾನಿಸಿ. ಆರಂಭದ ಸಾಲಿನಲ್ಲಿ ಕಾಯುವಾಗ ತೊಡಲು ಹಳೆಯ ಸ್ವೆಟರ್ ಒಂದಿರಲಿ, ಓಟ ಶುರುವಾದ ಮೇಲೆ ಅದನ್ನು ಬದಿಗೆ ಬಿಟ್ಟು ಹೋಗಬಹುದು. ಹೊಸ ಸಾಕ್ಸ್, ಹೊಸ ಶೂ ಅಂದು ಬೇಡ, 26 ಕಿ.ಮೀ. ಓಡಿದ ದಿನ ಏನು ತೊಟ್ಟಿದ್ದಿರೋ ಅದನ್ನೇ ತೊಡಿ. ಮೊದಲ 15 ಕಿ.ಮೀ. ಬಹುಪಾಲು ಸಮತಟ್ಟಾಗಿದ್ದು, ಚಳಿಗಾಲವೆಲ್ಲ ಹಿಮದಲ್ಲಿ ಕಾಲೆಳೆದ ನಿಮಗೆ ಒಣ ಡಾಂಬರಿನ ಮೇಲೆ ರೆಕ್ಕೆ ಬಂದಂತೆನಿಸುತ್ತದೆ. ಅಲ್ಲಿ ಕಿಲೋಮೀಟರಿಗೆ ಹತ್ತು ಸೆಕೆಂಡ್ ಉಳಿಸಿಕೊಳ್ಳುವ ಆಸೆಗೆ ಬೀಳದೆ, ಫ್ರಿಜ್ಜಿನ ಮೇಲೆ ಬರೆದ ವ್ಯಾಪ್ತಿಯ ನಿಧಾನದ ಅಂಚಿನಲ್ಲೇ ಓಡಿ. ಬರ್ಲಿಂಗ್ಟನ್ನಿನ ಎತ್ತುವ ಸೇತುವೆ ದಾಟಿ ಉತ್ತರ ದಂಡೆಗೆ ತಿರುಗಿದ ಮೇಲೆ ಏರುಗಳು ಒಂದರ ಹಿಂದೊಂದು ಬರುತ್ತವೆ. ಅಲ್ಲಿ ಹೆಜ್ಜೆ ಕಿರಿದು ಮಾಡಿ, ಕಣ್ಣನ್ನು ಹತ್ತು ಮಾರು ಮುಂದಿಟ್ಟು ಹತ್ತಿ. ಮುಗಿಸುವ ಗೆರೆಯ ಆಚೆ ಮನೆಯವರ ಕೈಯಲ್ಲಿ ಒಣ ಬನಿಯನ್, ಒಣ ಸಾಕ್ಸ್, ಫ್ಲಾಸ್ಕ್ ತುಂಬ ಕಾಫಿ ಇರುವಂತೆ ಹಿಂದಿನ ದಿನವೇ ಹೇಳಿಟ್ಟಿರಿ.